ಗೀಜಗ ಕೂಗಿ ಹೇಳಿದ ಗಂಟು

ಹೊಳೆದಂಡೆಯ ಜಾಲಿಮರದಲ್ಲಿದ್ದ ಗೀಜಗವೊಂದು, ಗೂಡು ಬಿಗಿಯಲು ಹಾವು ಎಷ್ಟು ತಿಣುಕಿದರೂ ಬಿಚ್ಚಲಾಗದ ಗಂಟನ್ನು ಕಂಡುಹಿಡಿದು, ಕೇಳಿದ ಹಕ್ಕಿಗಳಿಗೆಲ್ಲ ಪುಕ್ಕಟೆ ಕಲಿಸತೊಡಗಿತು.

ಒಂದು ದಿನ ಕಾಗೆ ಬಂದು, "ಈ ಗಂಟಿನ ಹಕ್ಕು ನನ್ನದೆಂದು ಹದ್ದುರಾಜರ ಮುದ್ರೆ ಬಿದ್ದಿದೆ. ಇನ್ನು ಯಾರೂ ಹಾಕುವಂತಿಲ್ಲ" ಎಂದಿತು.

"ನೀನು ಒಂದಾದರೂ ಗೂಡು ನೇಯ್ದಿದ್ದೀಯಾ?"

"ನೇಯುವುದು ನನ್ನ ಕೆಲಸವಲ್ಲ."

ಅಂಜಿದ ಹಕ್ಕಿಗಳು ಕಲಿಯಲು ಬರುವುದನ್ನೇ ಬಿಟ್ಟವು.

ಆಗ ಆಚೆ ದಡದಿಂದ ಪಿಕಳಾರವೊಂದು ಹಾರಿಬಂತು. "ಗೀಜಗಣ್ಣ, ಹಾವು ನಮ್ಮ ಒಂದು ಮೊಟ್ಟೆಯನ್ನೂ ಉಳಿಸುತ್ತಿಲ್ಲ. ನಮಗೂ ಆ ಗಂಟು ಕೊಡು."

ಗೀಜಗ ಗಂಟು ಹಾಕಿದ ನಾರನ್ನು ಕಚ್ಚಿಕೊಂಡು ಹೊರಟಿತು. ಹದ್ದು ಅಡ್ಡಗಟ್ಟಿತು. "ಈ ಗಂಟು ಆಯುಧಕ್ಕೆ ಸಮ. ಇದನ್ನು ಹೊಳೆ ದಾಟಿಸಕೂಡದು."

ನಾರನ್ನು ಒಯ್ಯಬಾರದು, ಬಾಯಲ್ಲಿ ಹೇಳಬಾರದೆಂದೇನಿಲ್ಲವಲ್ಲ ಎಂದುಕೊಂಡ ಗೀಜಗ, ದಡದಲ್ಲೇ ಕೂತು ಗಂಟಿನ ಒಂದೊಂದು ಸುತ್ತನ್ನೂ ಗಂಟಲು ಹರಿಯುವಂತೆ ಕೂಗಿ ಹೇಳಿತು. ಹದ್ದು ಅದರ ರೆಕ್ಕೆಯನ್ನು ಮುರಿದುಹಾಕಿತು.

ಆಚೆ ದಡದ ಹಕ್ಕಿಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದವು. "ಪುಕ್ಕಟೆ ಕೊಡುತ್ತಾನೆಂದರೆ ಏನೋ ಮೋಸವಿರಬೇಕು" ಎಂದವು.

"ಒಮ್ಮೆ ಹಾಕಿ, ಎಳೆದು ನೋಡಿ" ಎಂದು ಪಿಕಳಾರ ಬೇಡಿಕೊಂಡಿತು. ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಹದ್ದಿನ ಅಪ್ಪಣೆ ಪಡೆದ ಕಾಗೆ, ಅದೇ ಗಂಟನ್ನು ಸಡಿಲ ಮಾಡಿ ಹೊಳೆ ದಾಟಿಸಿತು. ಮುದ್ರೆ ಕಂಡ ಹಕ್ಕಿಗಳು ಖುಷಿಯಿಂದ ಗೂಡುಗಳನ್ನೆಲ್ಲ ಅದರಿಂದಲೇ ಬಿಗಿದವು. ಮಾರನೆಯ ದಿನ ಹಾವು ಗೂಡಿನಿಂದ ಗೂಡಿಗೆ ನಿರಾಳವಾಗಿ ಹರಿಯಿತು.

ಹಾರಲಾಗದ ಗೀಜಗಕ್ಕೆ ಆಚೆ ದಡದ ಚೀರಾಟ ಸ್ಪಷ್ಟವಾಗಿ ಕೇಳುತ್ತಿತ್ತು.

"ಎಲ್ಲ ಆ ಗೀಜಗನಿಂದಲೇ ಆದದ್ದು! ಹಾವಿಗೂ ಕೇಳುವಂತೆ ಗುಟ್ಟನ್ನು ಕೂಗಿದವನು ಅವನೇ ತಾನೆ!"