ಹೊಳೆ ಬಿಟ್ಟುಹೋದ ಮಣ್ಣು

ಹೊಳೆ ಇಳಿದ ಮೂರನೆಯ ದಿನ ಗುರುಮಲ್ಲಮ್ಮ ಮಠದ ಗುದ್ದಲಿಯನ್ನು ಬೀಸಿ ನೀರಿಗೆ ಎಸೆದಳು.

ದಡದಲ್ಲಿ ಕೂತಿದ್ದ ಗುರುಗಳು ಅದು ಮುಳುಗುವುದನ್ನು ನೋಡಿದರು.

"ಹೊಳೆಗೆ ಪೆಟ್ಟಾಯ್ತಾ?" ಎಂದು ಕೇಳಿದರು.

"ಆಗ್ಲಿ ಅಂತ್ಲೇ ಎಸ್ದೆ ಬುದ್ಧಿ."

"ಅದಕ್ಕೇನೂ ಆದಂಗೆ ಕಾಣೆ. ನಮ್ಮ ಗುದ್ದಲಿ ಮಾತ್ರ ಹೋಯ್ತು."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಅವು ನಗುವ ದಿನಗಳಾಗಿರಲಿಲ್ಲ.

ಗುರುಮಲ್ಲಮ್ಮ ಹದಿನಾಲ್ಕು ವರ್ಷದಿಂದ ಆ ಮಠದ ಶಿಷ್ಯೆ. ಅವಳೂ ಅವಳ ತಮ್ಮ ಚೆನ್ನಂಜನೂ ಸೇರಿ ಮಠದ ಹಿಂದೆ ಹೊಳೆಯಂಚಿನವರೆಗೆ ಸೊಪ್ಪಿನ ತೋಟ ಮಾಡಿದ್ದರು. ಮಠಕ್ಕೆ ಬಂದವರಿಗೆಲ್ಲ ಊಟ. ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ಆ ಊಟಕ್ಕೆ ಬೇಕಾದ ಸೊಪ್ಪೆಲ್ಲ ಆ ತೋಟದ್ದೇ.

ಹೊಳೆ ಏರಿದ ದಿನ ಬೆಳಗ್ಗೆ ಚೆನ್ನಂಜ ಹೊಳೆಯಂಚಿನ ಮಡಿಯಲ್ಲಿ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದ. ಮೇಲಿನ ಅಣೆಕಟ್ಟೆಯವರು ಬಾಗಿಲು ತೆಗೆದು ನೀರು ಬಿಟ್ಟರು. ಬಿಡುವ ಮುಂಚೆ ಸೈರನ್ ಕೂಗಿಸಬೇಕು. ಕೂಗಿಸಲಿಲ್ಲ.

ಎರಡು ದಿನದ ಮೇಲೆ ಅವನ ಹೆಣ ಕೆಳಗಿನ ಸೇತುವೆಯ ಹತ್ತಿರ ಸಿಕ್ಕಿತು. ಹೊಳೆ ಹಿಂದಕ್ಕೆ ಸರಿದಾಗ ತೋಟ ಕಾಣಲಿಲ್ಲ. ಅದರ ಮೇಲೆ ಹೊಳೆ ಹೊತ್ತು ತಂದ ಗೋಡುಮಣ್ಣು ಮೊಣಕಾಲುದ್ದ ಕೂತಿತ್ತು.

ಊರಿನವರು ಬಂದರು. ಒಬ್ಬೊಬ್ಬರೂ ಗುರುಮಲ್ಲಮ್ಮನ ಕೈ ಹಿಡಿದು, "ಹೋಗ್ಲಿ ಬುಡವ್ವ," ಎಂದರು. ಎಂದವರು ಎದ್ದು ಮನೆಗೆ ಹೋದರು. ಅವರಿಗೇನು, ಮನೆಯಲ್ಲಿ ಎಲ್ಲರೂ ಇದ್ದರು.

"ನನ್ಗೆ ಬುಡು ಬುಡು ಅಂತಾರಲ್ಲ ಬುದ್ಧಿ," ಎಂದಳು ಗುರುಮಲ್ಲಮ್ಮ. "ನೀರ್ ಬುಟ್ಟೋರ್ಗೆ ಒಬ್ರಾದ್ರೂ ಒಂದ್ ಮಾತ್ ಅಂದ್ರಾ?"

"ಅನ್ಲಿಲ್ಲ."

"ನೀವೂ ಅದ್ನೇ ಹೇಳಕ್ ಕೂತಿದ್ದೀರಾ?"

"ನಾನು ಕೂತಿರೋದು ಬಿಸಿಲು ಕಾಯಿಸಕ್ಕೆ," ಎಂದು ಗುರುಗಳು ಎದ್ದರು.

ಎದ್ದವರು ಮಠದ ಒಳಗೆ ಹೋಗಲಿಲ್ಲ. ತೋಟವಿದ್ದ ಜಾಗಕ್ಕೆ ಹೋಗಿ, ಪಂಚೆ ಮೇಲೆ ಕಟ್ಟಿ, ಆ ಗೋಡಿನಲ್ಲಿ ಮಂಡಿಯೂರಿದರು. ಗುದ್ದಲಿ ಹೊಳೆಯ ಪಾಲಾಗಿತ್ತಲ್ಲ, ಬರಿಗೈಯಲ್ಲೇ ಮಣ್ಣು ಎಳೆದು ಮಡಿ ಕಟ್ಟತೊಡಗಿದರು. ಅವರಿಗೆ ಎಪ್ಪತ್ತು ದಾಟಿತ್ತು.

ಗುರುಮಲ್ಲಮ್ಮ ಓಡಿಬಂದಳು.

"ಮುಟ್ಬ್ಯಾಡಿ ಅದ್ನ!"

"ಯಾಕೆ?"

"ನನ್ ತಮ್ಮನ್ನ ತಿಂದ ಮಣ್ಣು ಅದು. ಅದ್ರಲ್ಲಿ ಬೆಳ್ದಿದ್ದನ್ನ ನಾನು ಉಣ್ಬೇಕಾ?"

ಗುರುಗಳು ಕೈ ನಿಲ್ಲಿಸಲಿಲ್ಲ.

"ಮಣ್ಣು ತಿಂತಾ ಅವನ್ನ?"

"ಮಣ್ಣಲ್ಲ, ಹೊಳೆ ತಿಂತು."

"ಹದಿನಾಲ್ಕು ವರ್ಷ ಹೊಳೆ ನಿನ್ನ ತೋಟದ ಪಕ್ಕದಲ್ಲೇ ಇತ್ತು. ಮಳೆಗಾಲದಲ್ಲೂ ಇತ್ತು. ಹೇಳದೆ ಕೇಳದೆ ಒಂದಿನವಾದ್ರೂ ಒಳಗೆ ನುಗ್ಗಿತ್ತಾ?"

ಅವಳು ಯೋಚಿಸಿದಳು. ಹೊಳೆ ಏರುವ ಮುಂಚೆ ನೀರಿನ ಬಣ್ಣ ಕೆಂಪಾಗುತ್ತಿತ್ತು. ದಡದ ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿದ್ದವು. ಚೆನ್ನಂಜ ಅವನ್ನು ನೋಡಿ ನಗುತ್ತಾ ಬುಟ್ಟಿ ಎತ್ತಿಕೊಂಡು ಮೇಲೆ ಬರುತ್ತಿದ್ದ.

"ಇಲ್ಲ," ಎಂದಳು.

"ಹಂಗಾದ್ರೆ ಅವನನ್ನ ತಿಂದೋರು ಯಾರು?"

ಅವಳು ತಲೆಯೆತ್ತಿ ಆಕಾಶ ನೋಡಿದಳು. "ದೇವ್ರು," ಎಂದಳು.

ಗುರುಗಳ ಕೈಯಲ್ಲಿದ್ದ ಮಣ್ಣಿನ ಹೆಂಟೆ ಮಠದ ಗೋಡೆಗೆ ಹೋಗಿ ಬಡಿಯಿತು.

"ಅವನ ಹೆಸರು ಎತ್ತಿದ್ರೆ ನೋಡು! ಕಾಣದೋನ ತಲೆಗೆ ಕಟ್ಟಿದ್ರೆ ಕಣ್ಣೆದುರಿಗೆ ಇರೋರೆಲ್ಲ ಬಚಾವಾಗ್ತಾರೆ!"

ಹದಿನಾಲ್ಕು ವರ್ಷದಲ್ಲಿ ಗುರುಗಳು ಕೂಗಿದ್ದನ್ನು ಅವಳು ಕೇಳಿರಲಿಲ್ಲ. ಅವರಿಗೂ ಸಿಟ್ಟಿದೆ ಎಂದು ಅವತ್ತು ಗೊತ್ತಾಯಿತು. ಚೆನ್ನಂಜ ಅವರ ಮಡಿಲಲ್ಲೇ ಅಕ್ಷರ ಕಲಿತವನು.

ಅವಳೂ ಮಂಡಿಯೂರಿದಳು. ಇಬ್ಬರೂ ಸೇರಿ ನಾಲ್ಕು ಮಡಿ ಮಾಡಿದರು.

ಗುರುಗಳು ಅಟ್ಟದ ಮೇಲಿನ ಮಡಕೆಯಿಂದ ಒಂದು ಹಿಡಿ ದಂಟಿನ ಬೀಜ ತಂದು ಅವಳ ಕೈಗೆ ಸುರಿದರು.

"ಚೆಲ್ಲು."

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಮರಳು ಬೆರೆಸಿ ಚೆಲ್ಲದಿದ್ದರೆ ಕೈಯಿಂದ ಒಂದೇ ಕಡೆ ರಾಶಿಯಾಗಿ ಜಾರಿಬಿಡುತ್ತದೆ. ಇದು ಗುರುಮಲ್ಲಮ್ಮನಿಗೆ ಗೊತ್ತಿಲ್ಲದ ವಿಷಯವಲ್ಲ. ಊರಿನ ಹೆಂಗಸರಿಗೆ ಹೇಳಿಕೊಟ್ಟವಳೇ ಅವಳು. ಅವತ್ತು ಮರಳು ಬೆರೆಸಲಿಲ್ಲ. ಯಾರ ಮುಖಕ್ಕೋ ಎರಚುವ ಹಾಗೆ ಎರಚಿ ಒಳಗೆ ಹೋದಳು.

ಆರನೆಯ ದಿನ ಮೊಳಕೆ ಬಂತು. ಒಂದು ಮೂಲೆಯಲ್ಲಿ ಉಸಿರಾಡಲೂ ಜಾಗವಿಲ್ಲದಷ್ಟು ದಟ್ಟ. ಮಿಕ್ಕ ಕಡೆ ಬರೀ ಮಣ್ಣು.

"ಕೆಟ್ಟೋಯ್ತು ಬುದ್ಧಿ. ಮರಳು ಬೆರೆಸ್ನಿಲ್ಲ."

"ಬೀಜ ಚೆನ್ನಾಗೇ ಇದೆ. ಕೈಗೆ ಏನಾಗಿತ್ತು?"

"ಸಿಟ್ಟಿತ್ತು."

"ಈಗ?"

"ಈಗ್ಲೂ ಅದೆ. ಹೋಗಕಿಲ್ಲ ಅದು. ನಾನು ಕಳ್ಸಾಕೂ ಇಲ್ಲ."

"ಯಾರು ಕಳಿಸು ಅಂದೋರು? ಅದಕ್ಕೂ ಒಂಚೂರು ಮರಳು ಬೆರೆಸು ಅಂತೀನಿ."

"ಕಮ್ಮಿ ಆಗ್ಲಿ ಅಂತಾನಾ?"

"ಒಂದು ಬೀಜವೂ ಕಮ್ಮಿ ಆಗ್ಬಾರದು. ಬೀಳಬೇಕಾದ ಕಡೆ ಬೀಳ್ಬೇಕು, ಅಷ್ಟೇ."

ದಟ್ಟವಾಗಿದ್ದ ಮೂಲೆಯಿಂದ ಸಸಿಗಳನ್ನು ಬಿಡಿಸಿ ಅವಳು ಬರಿಮಣ್ಣಿಗೆ ನಾಟಿ ಮಾಡತೊಡಗಿದಳು. ಅಷ್ಟು ಎಳೆಯವು ಬದುಕುತ್ತವೆಂಬ ನಂಬಿಕೆ ಅವಳಿಗಿರಲಿಲ್ಲ. ಹಟಕ್ಕೆ ಮಾಡಿದಳು. ನಾಲ್ಕು ದಿನ ಅವು ತಲೆ ಬಗ್ಗಿಸಿಕೊಂಡೇ ಇದ್ದವು. ಐದನೆಯ ದಿನ ಒಂದನ್ನು ಮೆಲ್ಲಗೆ ಎತ್ತಿ ನೋಡಿದಳು.

"ಬೇರ್ ಬುಟ್ಟದೆ ಬುದ್ಧಿ!"

ಕೂಗಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. 'ಬುಡು' ಅಂತ ಊರೆಲ್ಲ ಹೇಳಿದ ಅದೇ ಮಾತು. ಆದರೆ ಈ ಸಸಿ ಯಾವುದನ್ನೂ ಬಿಟ್ಟುಕೊಟ್ಟಿರಲಿಲ್ಲ, ಮಣ್ಣನ್ನು ಹಿಡಿದುಕೊಂಡಿತ್ತು. ಅವಳು ಸಸಿಯನ್ನು ವಾಪಸು ಇಟ್ಟು, ಮಣ್ಣು ಒತ್ತಿ, ತಮ್ಮ ಹೋದ ಮೇಲೆ ಮೊದಲನೆಯ ಸಲ ಗಟ್ಟಿಯಾಗಿ ಅತ್ತಳು.

ಗುರುಗಳು ನೀರಿನ ಬಿಂದಿಗೆ ತಂದು ಅವಳ ಪಕ್ಕ ಇಟ್ಟು ಹೋದರು.

ತಿಂಗಳಾಯಿತು. ತೋಟ ತುಂಬ ದಂಟು. ಗೋಡುಮಣ್ಣೇ ಗೊಬ್ಬರವಾಗಿತ್ತು. ಅಷ್ಟು ಎತ್ತರದ, ಅಷ್ಟು ಅಗಲ ಎಲೆಯ ಸೊಪ್ಪು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅದನ್ನು ನೋಡಿದಾಗ ಅವಳಿಗೆ ಸಂತೋಷವಾಗುತ್ತಿತ್ತು. ಸಂತೋಷವಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಒಂದು ಸೋಮವಾರ ಊಟದ ಹೊತ್ತಿಗೆ ಅಣೆಕಟ್ಟೆಯ ಇಂಜಿನಿಯರು ಜೀಪಿನಲ್ಲಿ ಬಂದರು. ಗುರುಗಳ ಕಾಲಿಗೆ ಬಿದ್ದರು. ಹಣ್ಣಿನ ಬುಟ್ಟಿ ಇಟ್ಟರು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು ಓದಿದರು.

"'ಪ್ರಕೃತಿ ವಿಕೋಪದಿಂದ ಸಂಭವಿಸಿದ ಸಾವು.' ಅಷ್ಟೇ ಸ್ವಾಮೀಜಿ. ಇವರೊಂದು ಸೈನ್ ಹಾಕಿಬಿಟ್ರೆ ಫೈಲು ಮುಗಿಯತ್ತೆ."

ಗುರುಮಲ್ಲಮ್ಮನ ಮುಖ ಕೆಂಪಾಯಿತು.

"ಮೊದಲು ಊಟ," ಎಂದರು ಗುರುಗಳು.

ಪಂಕ್ತಿ ಕೂತಿತು. ದಾರಿಹೋಕರು, ಊರಿನ ಮುದುಕರು, ನಡುವೆ ಇಂಜಿನಿಯರು, ಅವರ ಪಕ್ಕದಲ್ಲಿ ಗುರುಗಳು. ಮುತ್ತುಗದೆಲೆ ಹಾಕಿದ್ದಾಯಿತು. ಗುರುಮಲ್ಲಮ್ಮ ದಂಟಿನ ಪಲ್ಯದ ಪಾತ್ರೆ ಹಿಡಿದು ಇಂಜಿನಿಯರ ಎದುರಿಗೆ ನಿಂತಳು, ಬಗ್ಗಲಿಲ್ಲ.

"ಇವ್ರಿಗೆ ನಾನು ಬಡ್ಸಾಕಿಲ್ಲ ಬುದ್ಧಿ."

"ಈ ಮಠದಲ್ಲಿ ಇವರು, ಅವರು ಅಂತ ಇಲ್ಲ ಕೂಸೇ. ಬಡಿಸು."

ಆ ಗಳಿಗೆ ಅವಳಿಗೆ ಗುರುಗಳ ಮೇಲೂ ಕೆಟ್ಟ ಸಿಟ್ಟು ಬಂತು. ಆದರೂ ಬಡಿಸಿದಳು. ಒಂದು ಸೌಟು ಸಾಕಿತ್ತು, ಎರಡು ಹಾಕಿದಳು.

ಇಂಜಿನಿಯರು ತಿಂದರು. "ಸೊಪ್ಪು ಬಹಳ ಚೆನ್ನಾಗಿದೆ," ಎಂದರು.

ಅವಳು ಪಾತ್ರೆ ಕೆಳಗಿಟ್ಟು ಅವರ ಎದುರಿಗೆ ಕೂತಳು. ದನಿ ಏರಿಸಲಿಲ್ಲ.

"ಸೈರನ್ ಯಾಕೆ ಕೂಗ್ಲಿಲ್ಲ ಸಾಮಿ?"

"ನೋಡಿಮ್ಮಾ, ಮೇಲೆ ಅಷ್ಟು ಮಳೆ. ನಮ್ಮ ಕೈಲಿ ಏನಿತ್ತು?"

"ಮಳೆ ಇಸ್ಯ ಕೇಳ್ನಿಲ್ಲ. ಸೈರನ್ ಯಾಕೆ ಕೂಗ್ಲಿಲ್ಲ?"

"ಅದು… ಕೆಟ್ಟಿತ್ತು."

"ಎಷ್ಟ್ ದಿನದಿಂದ?"

ಇಂಜಿನಿಯರು ಎಲೆ ನೋಡಿದರು. ಅತ್ತ ಇತ್ತ ನೋಡಿದರು. ಪಂಕ್ತಿಯಲ್ಲಿ ಒಬ್ಬರೂ ತಿನ್ನುತ್ತಿರಲಿಲ್ಲ.

"ಎರಡು ವರ್ಷ," ಎಂದರು, ತಮಗೆ ಮಾತ್ರ ಕೇಳಿಸುವ ಹಾಗೆ. ಆದರೆ ಎಲ್ಲರಿಗೂ ಕೇಳಿಸಿತು.

"ಹೋಗ್ಲಿ ಬುಡವ್ವ" ಎಂದಿದ್ದ ಮುದುಕರಲ್ಲಿ ಒಬ್ಬರು ಎಂಜಲುಗೈಯಲ್ಲೇ ಎದ್ದು ನಿಂತರು.

ಇಂಜಿನಿಯರು ಪಕ್ಕದಲ್ಲಿಟ್ಟುಕೊಂಡಿದ್ದ ಕಾಗದವನ್ನು ಗುರುಮಲ್ಲಮ್ಮ ಅವರ ಎದುರಿಗೆ ತಳ್ಳಿದಳು.

"ಅದ್ನ ಬರ್ಕೊಂಡು ಬನ್ನಿ. ಆಗ ಸೈನ್ ಹಾಕ್ತೀನಿ."

ಇಂಜಿನಿಯರು ಗುರುಗಳ ಕಡೆ ತಿರುಗಿ ಕೈ ಮುಗಿದರು.

"ಸ್ವಾಮೀಜಿ, ತಿಳಿದೋರು ನೀವು, ನೀವಾದ್ರೂ ಈಕೆಗೆ ಹೇಳಿ. ಪ್ರಕೃತಿ ಮುಂದೆ ನಾವೆಲ್ಲ ಎಷ್ಟರವರು?"

ಗುರುಗಳು ತಮ್ಮ ಎಲೆಯ ಕೊನೆಯ ತುತ್ತು ಮುಗಿಸಿದರು.

"ಪ್ರಕೃತಿ ಮಾಡಿದ್ದು ನಿಮ್ಮ ಎಲೆ ಮೇಲಿದೆ. ನೀವು ಮಾಡಿದ್ದನ್ನ ಕಾಗದದ ಮೇಲೆ ಬರೀರಿ."