ಕಾಲಂ ಕತ್ತರಿಸಿದ ತೂಕ

"ಗುರುಗಳೇ, ಹಳೆಯ ಕಂಪ್ಯೂಟರಿನ ದಾಖಲೆಗೆ ನಾಳೆ ಒಂದು ಹೊಸ ಕಾಲಂ ಸೇರಿಸಬೇಕು. ಅದರಲ್ಲಿ ಪೂರ್ಣಾಂಕ ಇಡಲೋ, ದಶಮಾಂಶ ಇಡಲೋ? ತೀರ್ಮಾನಿಸಲು ಭಯವಾಗುತ್ತಿದೆ" ಎಂದು ಶಿಷ್ಯ ಇಂದುಧರ ಕೇಳಿದ.

ಗುರು ಬಸವಣ್ಯಪ್ಪನವರು ಹೇಳಿದರು:

ಒಬ್ಬ ಪ್ರೋಗ್ರಾಮರ್ ಒಂದು ಆಸ್ಪತ್ರೆಗೆ ರೋಗಿಗಳ ದಾಖಲೆ ಸಿದ್ಧಪಡಿಸಿದ. ಯಂತ್ರದಲ್ಲಿ ಜಾಗ ಕಡಿಮೆ. ರೋಗಿಗಳೆಲ್ಲ ದೊಡ್ಡವರು; ತೂಕ ಐವತ್ತೆರಡು, ಅರವತ್ತೊಂದು, ನಲವತ್ತೆಂಟು. ತೂಕದ ಕಾಲಂಗೆ ಪೂರ್ಣಾಂಕ ಸಾಕು, ಬಿಂದುವಿನ ನಂತರದ್ದು ಬೇಡ ಎಂದುಕೊಂಡ. ಆ ತೂಕ ನೋಡಿ ಯಂತ್ರವೇ ಔಷಧದ ಪ್ರಮಾಣ ಹೇಳುತ್ತಿತ್ತು. ಒಂಬತ್ತು ವರ್ಷ ಒಂದು ದೂರೂ ಬರಲಿಲ್ಲ.

ಹತ್ತನೆಯ ವರ್ಷ ಅಲ್ಲಿ ನವಜಾತ ಶಿಶುಗಳ ವಾರ್ಡು ತೆರೆದರು. ಒಂದು ಮಗುವಿನ ಜ್ವರ ಮೂರು ದಿನವಾದರೂ ಇಳಿಯಲಿಲ್ಲ. "ಔಷಧಿ ಹಾಕ್ತಾನೇ ಇದೀರಲ್ಲ ಸಿಸ್ಟರ್, ಯಾಕೆ ಹೀಗೆ?" ಎಂದು ತಾಯಿ ಅತ್ತಳು. ನರ್ಸ್ ಮಗುವನ್ನು ಮತ್ತೆ ತೂಗಿದಳು. ತಕ್ಕಡಿಯಲ್ಲಿ ಒಂದು ಕಿಲೋ ಒಂಬೈನೂರು ಗ್ರಾಂ. ಪರದೆಯ ಮೇಲೆ ಬರೀ ಒಂದು ಕಿಲೋ. ಅವಳು ಬರೆದ ಒಂಬೈನೂರನ್ನು ಕಾಲಂ ಕತ್ತರಿಸಿಹಾಕಿತ್ತು. ಮಗುವಿಗೆ ಸೇರಿದ್ದು ಹೆಚ್ಚುಕಡಿಮೆ ಅರ್ಧ ಔಷಧ.

ಪ್ರೋಗ್ರಾಮರ್ ಓಡಿಬಂದ. ವಾರ್ಡಿನ ಮಕ್ಕಳನ್ನು ಮತ್ತೆ ತೂಗಿಸಿ ಡಾಕ್ಟರು ಔಷಧ ಸರಿಪಡಿಸಿದರು. ಆದರೆ ಏಳು ಮಕ್ಕಳು ಔಷಧದ ಬಾಟಲಿಯೊಂದಿಗೆ ಆಗಲೇ ಮನೆ ಸೇರಿದ್ದವು. ಅವುಗಳ ಸರಿಯಾದ ತೂಕ ದಾಖಲೆಯಲ್ಲಿ ಎಲ್ಲೂ ಉಳಿದಿರಲಿಲ್ಲ.

ಆತ ತಕ್ಕಡಿ ಹಿಡಿದು ನರ್ಸ್ ಜೊತೆ ಮನೆಮನೆಗೆ ಹೊರಟ. ಬಾಗಿಲು ತಟ್ಟುವಾಗಲೆಲ್ಲ ಒಳಗಿನಿಂದ ಮಗುವಿನ ಅಳು ಕೇಳಲಿ ಎಂದು ಬೇಡಿಕೊಂಡ. ಆರು ಮನೆಗಳಲ್ಲಿ ಕೇಳಿತು. ಏಳನೆಯ ಮನೆಗೆ ಬೀಗ.

"ಬೆಳಿಗ್ಗೆಯಿಂದ ಮಗು ಹಾಲೇ ಕುಡೀಲಿಲ್ಲ. ಅದರ ತಾಯಿ ತವರಿಗೆ ಕರ್ಕೊಂಡು ಹೋದ್ಲು" ಎಂದಳು ಪಕ್ಕದ ಮನೆಯಾಕೆ.

ತವರೂರು ಮೂವತ್ತು ಮೈಲಿ. ಗಾಡಿ ಮಾಡಿಕೊಂಡು ಇಬ್ಬರೂ ಹೊರಟರು. ಅಲ್ಲಿ ಮಗು ನಿತ್ರಾಣವಾಗಿ ಮಲಗಿತ್ತು. ಉಸಿರಿತ್ತು. ಬಂದ ಗಾಡಿಯಲ್ಲೇ ಆಸ್ಪತ್ರೆಗೆ ತಂದರು. ನಾಲ್ಕು ದಿನ ಆತ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ಐದನೆಯ ದಿನ ಮಗು ಹಸಿವಿಗೆ ಗಟ್ಟಿಯಾಗಿ ಅತ್ತಿತು. ಆತ ಗೋಡೆಗೆ ಮುಖಮಾಡಿ ನಿಂತು ತಾನೂ ಅತ್ತ.

ಇಂದುಧರ ಮೆಲ್ಲಗೆ ಕೇಳಿದ: "ಹಾಗಾದರೆ ದಶಮಾಂಶ ಇಟ್ಟರೆ ಸಾಕೇ, ಗುರುಗಳೇ?"

ಗುರುಗಳು ಕೇಳಿದರು: "ತನ್ನೊಳಗೆ ಹಿಡಿಯದ ಸಂಖ್ಯೆ ಬಂದ ದಿನ ನಿನ್ನ ಕಾಲಂ ಕೂಗಿ ಹೇಳುತ್ತದೆಯೋ, ಸುಮ್ಮನೆ ನುಂಗಿಕೊಳ್ಳುತ್ತದೆಯೋ?"