ಹಿತ್ತಲಲ್ಲಿ ಹೂತ ಮೂಸೆ

ಶಿಷ್ಯ ಕೇಳಿದ: "ಗುರುಗಳೇ, ಸೂರ್ಯನ ಒಡಲಿನ ಮಹಾ ಉರಿಯಲ್ಲಿ ಒಂದು ಧಾತು ಇನ್ನೊಂದಾಗುತ್ತದೆ. ಅದೇ ಕೆಲಸ ಮಂದ ಉರಿಯಲ್ಲಿ, ಒಂದು ಪಾತ್ರೆಯೊಳಗೆ ಏಕೆ ಆಗಬಾರದು? ಆಗುತ್ತದೆಂದು ಸಿದ್ಧಾಂತ ಬರೆದಿದ್ದೇನೆ. ಮೂರು ಸಲ ಕಣ್ಣಾರೆ ಕಂಡಿದ್ದೇನೆ. ನಾಳೆ ಸಭೆಯಲ್ಲಿ ಓದಲು ತಮ್ಮ ಅಪ್ಪಣೆ ಬೇಕು."

ಗುರುಗಳು ಅವನ ಕೈಯ ಹಾಳೆಗಳನ್ನು ನೋಡಿದರು, ಮುಟ್ಟಲಿಲ್ಲ. ಈ ಕತೆ ಹೇಳಿದರು.

ಒಬ್ಬ ಅಕ್ಕಸಾಲಿ ಇದ್ದ. ಚಿನ್ನ ಕರಗಿಸುವ ತನ್ನ ಹಳೆಯ ಮಣ್ಣಿನ ಮೂಸೆಯಲ್ಲಿ ತಾಮ್ರದ ಚೂರುಗಳನ್ನು ಉಪ್ಪಿನೊಡನೆ ಇಟ್ಟು ಒಂಬತ್ತು ದಿನ ಉಮಿಯ ಬೆಂಕಿಯಲ್ಲಿ ಬೇಯಿಸಿದ. ಬಳಿಕ ತಾಮ್ರವನ್ನು ದ್ರಾವಕದಲ್ಲಿ ಕರಗಿಸಿದಾಗ ತಳದಲ್ಲಿ ಸಾಸಿವೆಯಷ್ಟು ಚಿನ್ನ ಉಳಿಯಿತು. ಮತ್ತೆ ಮಾಡಿದ, ಮತ್ತೆ ಉಳಿಯಿತು. ಅವನು ಸುಳ್ಳನಲ್ಲ, ಕಂಡದ್ದನ್ನೇ ಹೇಳಿದ. ತಾಮ್ರವೂ ಚಿನ್ನವೂ ಒಂದೇ ನೂಲಿನ ಎರಡು ನೇಯ್ಗೆ, ಮಂದ ಉರಿಯಲ್ಲಿ ನೂಲು ಸಡಿಲಗೊಂಡು ನೇಯ್ಗೆ ಬದಲಾಗುತ್ತದೆ ಎಂದು ಕಾರಣವನ್ನೂ ಕಟ್ಟಿದ. ಕಾರಣ ಚೆನ್ನಾಗಿತ್ತು. ಊರು ತಲೆದೂಗಿತು.

ಒಂದು ದಿನ ಅವನಿಗೇ ಅನುಮಾನ ಬಂತು. ಹೊಸ ಮೂಸೆ ತಂದು, ಯಾರಿಗೂ ಹೇಳದೆ ಒಂಬತ್ತು ದಿನ ಬೇಯಿಸಿದ. ಏನೂ ಉಳಿಯಲಿಲ್ಲ. ಹೊಸ ಮಣ್ಣು ಇನ್ನೂ ಪಳಗಿಲ್ಲ ಎಂದುಕೊಂಡ. ಹಾಗೆಂದುಕೊಂಡವನು ಆ ಮೂಸೆಯನ್ನು ಹಿತ್ತಲಲ್ಲಿ ಹೂತ.

ನೆರೆಯಲ್ಲಿ ಒಬ್ಬ ಕಂಚುಗಾರನಿದ್ದ. ಮಗಳ ಮದುವೆಗೆಂದು ತಾನೇ ಬಡಿದು ಮಾಡಿದ ತಾಮ್ರದ ಹಂಡೆ ಅವನಲ್ಲಿತ್ತು. ಅದನ್ನು ಕಡಿದು ಚಿನ್ನ ಮಾಡಲು ಕೊಡಲೇ ಎಂದು ಅಕ್ಕಸಾಲಿಯನ್ನು ಕೇಳಿದ. ಅಕ್ಕಸಾಲಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ತನ್ನ ಸಿದ್ಧಾಂತವನ್ನು ಇನ್ನೊಮ್ಮೆ ವಿವರಿಸಿದ.

ಕಂಚುಗಾರ ಅಕ್ಕಸಾಲಿಯ ಜಗಲಿಯಲ್ಲಿ ಕೂತು ಹಂಡೆಗೆ ಉಳಿ ಹಾಕಿದ ದಿನವೇ ಜಾಲಗಾರ ಮುದುಕಿ ಬಂದಳು. ಅಕ್ಕಸಾಲಿಗರ ಬೀದಿಯ ಕಸ, ಬೂದಿ, ಹಿತ್ತಲ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದು ಅವಳ ಕಸುಬು. ಮೂಸೆಯ ಮೈಗೆ ಚಿನ್ನ ಅಂಟಿರುತ್ತದೆ; ಆದ್ದರಿಂದ ಒಡೆದ ಮೂಸೆಯ ಚೂರನ್ನೂ ಆ ಬೀದಿಯಲ್ಲಿ ಯಾರೂ ಎಸೆಯುವುದಿಲ್ಲ, ಅವಳಿಗೇ ಕೊಡುತ್ತಾರೆ. ಅವಳು ಸೆರಗಿನೊಳಗಿಂದ ಆ ಹೂತಿದ್ದ ಹೊಸ ಮೂಸೆಯನ್ನು ತೆಗೆದು ಅಕ್ಕಸಾಲಿಯ ಮುಂದಿಟ್ಟಳು.

"ನಿನ್ನ ಹಿತ್ತಲಲ್ಲಿ ಸಿಕ್ತು ಕಣಪ್ಪಾ. ಮೂರು ನೀರು ತೊಳೆದೆ, ತಾಮ್ರ ಬೆಂದ ಕಲೆ ಇದೆ, ಚಿನ್ನದ ಒಂದು ಹೊಳಪಿಲ್ಲ. ನಿಮ್ಮಪ್ಪ ಉಗುರು ಕೆರೆದ ಮಣ್ಣನ್ನೂ ನನಗೆ ಕೊಡ್ತಿದ್ದ. ನೀನು ಇಡೀ ಮೂಸೆ ಹೂತಿದ್ದೀಯ. ಅದು ಬರಿದು ಅಂತ ನಿನಗೆ ಮೊದಲೇ ಹೇಗೆ ತಿಳೀತು?"

ಹಳೆಯ ಮೂಸೆಯ ಮೈಗೆ ಅಂಟಿದ್ದ ಚಿನ್ನವೇ ದ್ರಾವಕದ ತಳದಲ್ಲಿ ಉಳಿದದ್ದೆಂದು, ನೋಡಲು ನೆರೆದು ನಿಂತವರಿಗೆಲ್ಲ ಅರ್ಥವಾಯಿತು. ಹಂಡೆ ಆಗಲೇ ಎರಡು ಹೋಳಾಗಿತ್ತು. ಕಂಚುಗಾರ ಉಳಿಯನ್ನು ಕೆಳಗಿಟ್ಟ.

"ನಿನಗೆ ಗೊತ್ತಿತ್ತಾ, ಅಣ್ಣಾ?"

ಕಂಚುಗಾರ ಬೈದಿದ್ದರೆ ಅಕ್ಕಸಾಲಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹೋಳುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಿವಿ ಕೆಂಪಾಗಿತ್ತು. ಆದರೂ, ಹಾಗಾದರೆ ಮಂದ ಉರಿಯಲ್ಲಿ ಧಾತು ಬದಲಾಗುವುದೇ ಇಲ್ಲವೆಂಬುದು ತಮ್ಮ ಅಭಿಪ್ರಾಯವೇ ಎಂದು ಕೇಳಿದ.

ಗುರುಗಳು ಹೇಳಿದರು: "ಅದು ನನಗೂ ತಿಳಿಯದು. ಆದರೆ ಹೋದ ತಿಂಗಳು ನೀನು ಉಗ್ರಾಣದಿಂದ ಒಯ್ದ ಹೊಸ ಪಾತ್ರೆ ಎಲ್ಲಿದೆ?"